ಕಣ್ಣೀರಿದೆ, ಗಿರಾಕಿಯಿಲ್ಲ

ನಮ್ಮ ಬೆಂಗಳೂರಿನಲ್ಲಿ ಫಿಲ್ಮ್ ಫೋಟೋಗ್ರಫಿ ಸತ್ತುಹೋಯಿತೆಂದು ಅಳುವವರಿಗೆ ಬರವಿಲ್ಲ. ಚಿತ್ರಪ್ರದರ್ಶನದ ಉದ್ಘಾಟನೆಯಿರಲಿ, ಹಳೇ ಸ್ಟುಡಿಯೋ ಮಾಲೀಕರ ಸನ್ಮಾನವಿರಲಿ, ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನವಿರಲಿ, ಮೈಕು ಹಿಡಿದವರು ಸ್ವಲ್ಪ ಹೊತ್ತಿಗೆಲ್ಲ ಡಾರ್ಕ್‌ರೂಮಿಗೆ ನುಗ್ಗುತ್ತಾರೆ. ಕೆಂಪು ದೀಪ, ಟ್ರೇಯಲ್ಲಿ ಅಲುಗುವ ಕಾಗದ, ಅದರ ಮೇಲೆ ನಿಧಾನಕ್ಕೆ ಮೂಡುವ ಮುಖ. ‘ಆ ಮಾಯೆ ಈಗೆಲ್ಲಿ ಸ್ವಾಮಿ!’ ಎಂದು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಸಭೆ ಮುಗಿದು ಕಾಫಿ ಕೊಡುವ ಹೊತ್ತಿಗೆ ಅವರ ಹತ್ತಿರ ಹೋಗಿ, ‘ಸಾರ್, ನನ್ನ ಹತ್ರ ಒಂದು ಎನ್ಲಾರ್ಜರ್ ಇದೆ, ಕೊಟ್ಬಿಡೋಣ ಅಂತಿದೀನಿ, ತಗೋತೀರಾ?’ ಎಂದು ಕೇಳಿ ನೋಡಿ. ಆ ಕಣ್ಣೀರನ್ನು ಅಷ್ಟು ಬೇಗ ಒಣಗಿಸುವ ಪ್ರಿಂಟ್ ಡ್ರೈಯರನ್ನು ಯಾವ ಕಂಪನಿಯೂ ತಯಾರಿಸಿರಲಿಲ್ಲ.

ನನ್ನದು ಚೆಕೊಸ್ಲೊವಾಕಿಯಾದ ಮೆಯೋಪ್ಟಾ. ಆ ದೇಶವೇ ಈಗಿಲ್ಲ. 1993ರಲ್ಲಿ ಅದು ಎರಡು ಹೋಳಾಯಿತು; ನನ್ನ ಎನ್ಲಾರ್ಜರಿನ ಒಂದು ತಿರುಪೂ ಇನ್ನೂ ಸಡಿಲವಾಗಿಲ್ಲ. ಕೈಯಲ್ಲಿ ಮೊಬೈಲು ಹಿಡಿದೇ ಹುಟ್ಟಿದ ಓದುಗರಿಗಾಗಿ ಎರಡು ಮಾತು: ಕೆಳಗೊಂದು ಹಲಗೆ, ಅದರ ಮೇಲೆ ನೆಟ್ಟಗೆ ನಿಂತ ಕಂಬ, ಕಂಬದುದ್ದಕ್ಕೂ ಮೇಲೆ ಕೆಳಗೆ ಸರಿಯುವ ಒಂದು ತಲೆ. ತಲೆಯೊಳಗೆ ಹಾಲುಬಣ್ಣದ ಬಲ್ಬು, ಅದರ ಕೆಳಗೆ ದಪ್ಪ ಗಾಜಿನ ಕಂಡೆನ್ಸರ್, ನೆಗೆಟಿವ್ ಸಿಕ್ಕಿಸುವ ತಟ್ಟೆ, ಮಡಿಕೆ ಮಡಿಕೆಯ ಬೆಲ್ಲೋಸ್, ತುದಿಯಲ್ಲಿ ಲೆನ್ಸು. ಬಲ್ಬು ಹೊತ್ತಿದರೆ ನೆಗೆಟಿವ್‌ನಲ್ಲಿರುವ ಚಿತ್ರ ದೊಡ್ಡದಾಗಿ ಹಲಗೆಯ ಮೇಲಿಟ್ಟ ಕಾಗದಕ್ಕೆ ಬೀಳುತ್ತದೆ. ಅಷ್ಟೇ. ಅಪ್‌ಡೇಟ್ ಕೇಳುವುದಿಲ್ಲ, ಪಾಸ್‌ವರ್ಡ್ ಕೇಳುವುದಿಲ್ಲ, ತಿಂಗಳ ಬಾಡಿಗೆ ಕಟ್ಟದಿದ್ದರೆ ಮುಷ್ಕರ ಹೂಡುವುದಿಲ್ಲ. ಇಷ್ಟಿದ್ದೂ ಡಿಜಿಟಲ್‌ಗೆ ಯಾಕೆ ಬಂದಿರಿ ಎಂದು ನೀವು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಬರದೆ ಉಳಿದವರು ಯಾರಿದ್ದಾರೆ?

ಮೊದಲು ಮಾರುವವರ ಲೆಕ್ಕ ನೋಡೋಣ, ತಮಾಷೆ ಶುರುವಾಗುವುದು ಅಲ್ಲಿಂದಲೇ. ‘ಆ ಕಾಲಕ್ಕೆ ಎರಡು ತಿಂಗಳ ಸಂಬಳ ಸುರಿದು ತಂದದ್ದು’ ಎಂಬಲ್ಲಿಂದ ಅವರು ಹೊರಡುತ್ತಾರೆ. ಈಗಿನ ಎರಡು ತಿಂಗಳ ಸಂಬಳ ಎಷ್ಟು? ಅದಕ್ಕೆ ‘ಈಗ ಎಲ್ಲೂ ಸಿಗಲ್ಲ’ ಎಂಬ ಬಾಬ್ತು ಸೇರಿಸಿ, ‘ಮಗಳ ಮೊದಲ ಹುಟ್ಟುಹಬ್ಬದ ಫೋಟೋ ಇದರಲ್ಲೇ ಮಾಡಿದ್ದು’ ಎಂಬ ಬಾಬ್ತನ್ನೂ ಕೂಡಿಸಿ. ಹಳೇ ಸಾಮಾನಿನ ಯಾವುದಾದರೂ ಆ್ಯಪ್ ತೆರೆದರೆ ಮೊತ್ತ ಕಣ್ಣಿಗೆ ಬೀಳುತ್ತದೆ: ‘ತಂದೆಯವರ ಕಾಲದ್ದು, ಮ್ಯೂಸಿಯಂ ಪೀಸ್, ಐವತ್ತು ಸಾವಿರ, ಚೌಕಾಸಿ ಬೇಡ.’ ಜೊತೆಗಿರುವ ಫೋಟೋದಲ್ಲಿ ಎನ್ಲಾರ್ಜರು ಅಟ್ಟದ ಮೇಲೆ ಹಪ್ಪಳದ ಡಬ್ಬಕ್ಕೂ ಕೆಟ್ಟ ಮಿಕ್ಸಿಗೂ ನಡುವೆ ಇಣುಕುತ್ತಿರುತ್ತದೆ. ಫೋಟೋ ಶೇಕ್ ಆಗಿರುತ್ತದೆ. ಜೀವಮಾನವಿಡೀ ಕ್ಯಾಮೆರಾ ಹಿಡಿದ ಮಹನೀಯರು ತಮ್ಮ ಯಂತ್ರದ್ದೊಂದು ನೆಟ್ಟಗಿನ ಫೋಟೋ ತೆಗೆದಿರುವುದಿಲ್ಲ. ದೀಪಾವಳಿಗೆ ಅದೇ ಜಾಹೀರಾತು ಮೂವತ್ತು ಸಾವಿರಕ್ಕೆ ಇಳಿಯುತ್ತದೆ, ಯುಗಾದಿಗೆ ಹದಿನೈದಕ್ಕೆ. ‘ಚೌಕಾಸಿ ಬೇಡ’ ಎಂಬುದು ಮಾತ್ರ ಹಾಗೆಯೇ ಇರುತ್ತದೆ. ಚೌಕಾಸಿ ಮಾಡಲು ಯಾರಾದರೂ ಬಂದಿದ್ದರೆ ತಾನೇ ಅದನ್ನು ಅಳಿಸುವುದು?

ನಾನು ನಾಚಿಕೆಯಾಗುವಷ್ಟು ಕಡಿಮೆ ಬೆಲೆ ಹಾಕಿದೆ. ಫೋನುಗಳು ಬಂದವು.

ಮೊದಲು ಬಂದವರು ಲೆನ್ಸಿನವರು. ಬಾಗಿಲಲ್ಲೇ, ‘ಯಾವ ಲೆನ್ಸ್ ಇದೆ ಸಾರ್?’ ಎಲ್-ನಿಕ್ಕರ್, 50 ಎಂ.ಎಂ., ಎಫ್ 2.8 ಎಂದೆ. ಅವರ ಮುಖ ಅರಳಿತು. ನಿಕಾನ್ ಕಂಪನಿ ಎನ್ಲಾರ್ಜರ್ ಲೆನ್ಸುಗಳನ್ನು ನಿಲ್ಲಿಸುವುದಾಗಿ 2006ರಲ್ಲೇ ಸಾರಿಬಿಟ್ಟಿದೆ. ಆದರೆ ಅದರ 39 ಎಂ.ಎಂ. ತಿರುಪಿಗೆ ಒಂದು ಅಗ್ಗದ ಅಡಾಪ್ಟರ್ ತಿರುಗಿಸಿದರೆ ಹೊಸ ಡಿಜಿಟಲ್ ಕ್ಯಾಮೆರಾದ ಮೇಲೆ ಕೂರುತ್ತದೆ, ಇರುವೆಯ ಮೀಸೆ ಎಣಿಸಬಹುದು. ಮೊಬೈಲ್ ಟಾರ್ಚ್ ಬಿಟ್ಟು ಗಾಜಿನೊಳಗೆ ಬೂಷ್ಟು ಹಿಡಿದಿದೆಯೇ ಎಂದು ಅವರು ನೋಡಿದ ರೀತಿಗೆ ಕಣ್ಣಿನ ಡಾಕ್ಟರೂ ತಲೆಬಾಗಬೇಕು. ‘ಫಂಗಸ್ ಇಲ್ಲ. ಲೆನ್ಸ್ ತಗೋತೀನಿ. ಮಿಕ್ಕಿದ್ದು ನೀವೇ ಇಟ್ಕೊಳಿ.’ ಅವರ ಹಿಂದೆಯೇ ಬಂದವರಿಗೆ ಕಂಬ ಮತ್ತು ಹಲಗೆ ಸಾಕಿತ್ತು. ತಲೆ ಕಿತ್ತು ಆ ಜಾಗಕ್ಕೆ ಡಿಜಿಟಲ್ ಕ್ಯಾಮೆರಾ ಕೂರಿಸಿ, ಕೆಳಗೆ ನೆಗೆಟಿವ್ ಇಟ್ಟು ಅದರ ಫೋಟೋ ತೆಗೆಯುತ್ತಾರಂತೆ. ಕಲ್ಪನೆ ಮಾಡಿಕೊಳ್ಳಿ: ನೆಗೆಟಿವ್‌ನಿಂದ ಚಿತ್ರ ಮಾಡುವುದಕ್ಕೆಂದೇ ಹುಟ್ಟಿದ ಯಂತ್ರದ ಕತ್ತು ಕೊಯ್ದು, ಮುಂಡವನ್ನು ನೆಗೆಟಿವ್‌ನಿಂದ ಚಿತ್ರ ಮಾಡಲು ಬಳಸುವುದು! ಒಬ್ಬರಿಗೆ ಕಣ್ಣು ಬೇಕು, ಒಬ್ಬರಿಗೆ ಬೆನ್ನುಮೂಳೆ. ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಅಂಗಾಂಗ ದಾನದ ಫಾರಂ ಹಿಡಿದು ಸಾಲು ನಿಂತಿದ್ದರು.

ಇಂದಿರಾನಗರದಿಂದ ಒಬ್ಬ ಕೆಫೆ ಮಾಲೀಕರು ಬಂದರು. ಗೋಡೆಗೆ ಹಳೇ ಟೈಪ್‌ರೈಟರು, ಮೂಲೆಯಲ್ಲಿ ಹಳೇ ಸ್ಕೂಟರು ಇಟ್ಟಿದ್ದಾರಂತೆ. ಮಧ್ಯೆ ಒಂದು ಎನ್ಲಾರ್ಜರ್ ಬಂದರೆ ‘ವಿಂಟೇಜ್ ವೈಬ್’ ಪೂರ್ತಿಯಾಗುತ್ತದೆ. ಕೆಲಸ ಮಾಡುತ್ತದೆ ಎಂದು ನಾನು ಸ್ವಿಚ್ ಒತ್ತಿ ತೋರಿಸಿದೆ. ಅವರಿಗೆ ಬೇಸರವಾಯಿತು. ‘ವರ್ಕ್ ಆಗ್ಬೇಕು ಅಂತೇನಿಲ್ಲ ಸರ್. ಇನ್ನೂ ಸ್ವಲ್ಪ ತುಕ್ಕು ಇದ್ದಿದ್ರೆ ಚೆನ್ನಾಗಿರೋದು.’ ಹಣದ ಮಾತಿಗೆ ಬಂದಾಗ, ಇನ್‌ಸ್ಟಾಗ್ರಾಮಿನಲ್ಲಿ ನನ್ನ ಹೆಸರು ಹಾಕುವುದಾಗಿ ಒಪ್ಪಿಕೊಂಡರು. ಒಂದು ಕ್ಯಾಪುಚಿನೋ ಬೆಲೆಯನ್ನೂ ಹಾಗೆಯೇ ತೀರಿಸಬಹುದೇ ಎಂದು ನಾನು ಕೇಳಲಿಲ್ಲ, ಅವರು ಆಗಲೇ ಲಿಫ್ಟಿನಲ್ಲಿದ್ದರು.

ಸಿನಿಮಾ ಕಲಾ ವಿಭಾಗದ ಹುಡುಗನಿಗೆ ಬಾಡಿಗೆಗೆ ಬೇಕಿತ್ತು. ಎಪ್ಪತ್ತರ ದಶಕದ ಕತೆ, ಡಾರ್ಕ್‌ರೂಮಿನಲ್ಲಿ ಹೀರೋಗೆ ಕೊಲೆಗಾರನ ಸುಳಿವು ಸಿಗುವ ದೃಶ್ಯ. ಎನ್ಲಾರ್ಜರಿನ ಸಿನಿಮಾ ಭವಿಷ್ಯವನ್ನು ನಿರ್ದೇಶಕ ಆಂಟೋನಿಯೋನಿ 1966ರ ‘ಬ್ಲೋ-ಅಪ್’ನಲ್ಲೇ ಬರೆದುಬಿಟ್ಟರು, ನಮ್ಮಲ್ಲಿ 1983ರ ‘ಜಾನೇ ಭಿ ದೋ ಯಾರೋ’ ಅದನ್ನು ನಗೆಗೆ ಒಗ್ಗಿಸಿತು. ಅಂದಿನಿಂದ ತೆರೆಯ ಮೇಲೆ ಹೆಣ ಬೀಳದೆ ಯಾರೂ ಫೋಟೋ ದೊಡ್ಡದು ಮಾಡಿದ್ದನ್ನು ನಾನು ನೋಡಿಲ್ಲ. ಹುಡುಗ, ‘ಹೀರೋ ಕೆಂಪು ಲೈಟಲ್ಲಿ ಫಿಲ್ಮ್ ತೊಳೀತಾ ಇರ್ತಾನೆ ಸಾರ್’ ಎಂದ. ಫಿಲ್ಮನ್ನು ಕೆಂಪು ಬೆಳಕಿಗೂ ತೋರಿಸುವ ಹಾಗಿಲ್ಲಪ್ಪ, ಅದಕ್ಕೆ ಗವ್ವೆನ್ನುವ ಕತ್ತಲು ಬೇಕು, ಕೆಂಪು ದೀಪ ಕಪ್ಪು-ಬಿಳುಪು ಪ್ರಿಂಟ್ ಪೇಪರಿಗೆ ಮಾತ್ರ ಎಂದು ಅಕ್ಕರೆಯಿಂದ ವಿವರಿಸಿದೆ. ‘ಗವ್ವೆನ್ನೋ ಕತ್ತಲಲ್ಲಿ ಹೀರೋ ಕಾಣಲ್ವಲ್ಲ ಸಾರ್’ ಎಂದ. ನ್ಯಾಯವಾದ ಮಾತು. ಮತ್ತೆ ಬರಲಿಲ್ಲ.

ಇವರೆಲ್ಲರ ಮೇಲೆ ನನಗೇನೂ ಸಿಟ್ಟಿಲ್ಲ. ನನ್ನನ್ನು ನಿಜಕ್ಕೂ ಕಂಗೆಡಿಸಿದವನು, ನಾನು ಕಾಯುತ್ತಿದ್ದ ಗಿರಾಕಿ. ಇಪ್ಪತ್ತೆರಡರ ಆಸುಪಾಸಿನ ಹುಡುಗ, ಕೊರಳಲ್ಲಿ ತಾತನ ಯಾಷಿಕಾ. ‘ಅಂಕಲ್, ನಾನು ಫಿಲ್ಮ್ ಮಾತ್ರ ಶೂಟ್ ಮಾಡೋದು. ಡಿಜಿಟಲ್‌ಗೆ ಸೋಲ್ ಇಲ್ಲ.’ ಎದ್ದು ಹೋಗಿ ಅಪ್ಪಿಕೊಳ್ಳೋಣ ಅನ್ನಿಸಿತು. ಒಂದು ರೋಲ್ ಟ್ರೈ-ಎಕ್ಸ್ ಫಿಲ್ಮಿಗೆ ಈಗ ಸಾವಿರದ ಮೇಲೆ ಬೆಲೆ. ಅದನ್ನು ಕೊಂಡು, ಲ್ಯಾಬಿಗೆ ಕಳಿಸಿ, ತೊಳೆಸುವುದಕ್ಕೆ ಮತ್ತೆ ಹಣ ಕೊಡುತ್ತಾನೆ. ಆಮೇಲೆ?

‘ಆಮೇಲೆ ಅವರು ಸ್ಕ್ಯಾನ್ ಮಾಡಿ ಲಿಂಕ್ ಕಳಿಸ್ತಾರೆ ಅಂಕಲ್. ಡೌನ್‌ಲೋಡ್ ಮಾಡಿ ಇನ್‌ಸ್ಟಾ ಸ್ಟೋರಿಗೆ ಹಾಕ್ತೀನಿ.’

‘ಪ್ರಿಂಟು?’

‘ಪ್ರಿಂಟ್ ಯಾಕೆ?’

‘ಹೋಗಲಿ, ನೆಗೆಟಿವ್ ಎಲ್ಲಿಟ್ಟಿದೀಯ?’

‘ಅದನ್ನ ವಾಪಸ್ ತಗೊಳಲ್ಲ ಅಂಕಲ್. ಕೊರಿಯರ್ ಚಾರ್ಜ್ ಬೇರೆ. ಸ್ಕ್ಯಾನ್ ಬಂದಿರುತ್ತಲ್ಲ.’

ಅಂದರೆ ಆ ಹುಡುಗ ಸಾವಿರಾರು ರೂಪಾಯಿ ಸುರಿದು, ವಾರಗಟ್ಟಲೆ ಕಾದು, ಕೊನೆಗೆ ಕೈಗೆ ತೆಗೆದುಕೊಳ್ಳುವುದು ಒಂದು ಜೆಪೆಗ್. ಅದೂ ಅವನ ಮೊಬೈಲು ಪುಕ್ಕಟೆಯಾಗಿ ತೆಗೆಯುವ ಜೆಪೆಗ್‌ಗಿಂತ ಮಸುಕಾದದ್ದು. ಬೆಳ್ಳಿ ಹಿಡಿದಿಟ್ಟ ಅಸಲು ಚಿತ್ರ ಲ್ಯಾಬಿನ ಕಸದ ಬುಟ್ಟಿಗೆ, ಅದರ ನೆರಳು ಅವನ ಸ್ಟೋರಿಗೆ. ಸ್ಟೋರಿ ಇಪ್ಪತ್ತನಾಲ್ಕು ಗಂಟೆಯಲ್ಲಿ ಮಾಯ. ಫಿಲ್ಮ್ ಮರಳಿ ಬಂದಿದೆ, ಮರಳಿ ಬಂದಿದೆ ಎಂದು ಪತ್ರಿಕೆಗಳು ಬರೆಯುತ್ತಿವೆಯಲ್ಲ, ಅದು ಬಂದಿರುವುದು ಹೀಗೆ. ಕ್ಯಾಮೆರಾ ಮರಳಿತು, ಡಬ್ಬಿ ಮರಳಿತು, ಕೊರಳ ಪಟ್ಟಿ ಮರಳಿತು. ಪ್ರಿಂಟು ಮರಳಲಿಲ್ಲ. ಪ್ರಿಂಟೇ ಬೇಡದವನಿಗೆ ಎನ್ಲಾರ್ಜರ್ ಯಾಕೆ? ಹುಡುಗ ನನ್ನ ಕೆಂಪು ಬಲ್ಬು ಮಾತ್ರ ಕೇಳಿದ. ರೂಮಿಗೆ ಹಾಕಿಕೊಳ್ಳುತ್ತಾನಂತೆ.

ಹುಡುಗರನ್ನು ಬೈಯುವುದು ಸುಲಭ. ನಮ್ಮ ಓರಗೆಯವರೇನು ಕಡಿಮೆ? ಡಾರ್ಕ್‌ರೂಮಿನಲ್ಲಿ ಜೊತೆಯಲ್ಲೇ ಕೈ ಕಪ್ಪು ಮಾಡಿಕೊಂಡ ಗೆಳೆಯನಿಗೆ ಫೋನ್ ಮಾಡಿದೆ. ‘ಲೋ, ಮಾರ್ತೀಯೇನೋ ಅದನ್ನ? ಮಗು ಮಾರಿದ ಹಾಗಲ್ವೇನೋ!’ ಎಂದು ಕೂಗಿದ. ‘ಹಾಗಾದ್ರೆ ದತ್ತು ತಗೋ’ ಎಂದೆ. ‘ನಮ್ದು ಟೂ ಬಿಎಚ್‌ಕೆ ಕಣೋ.’ ಅವನ ಹಾರ್ಡ್ ಡಿಸ್ಕಿನಲ್ಲಿ ಒಂದು ಕಬಿನಿ ಸಫಾರಿಯ ಫೋಟೋಗಳೇ ಸಾವಿರಗಟ್ಟಲೆ ಇವೆ. ಒಂದೇ ಹುಲಿ, ಒಂದೇ ಭಂಗಿ, ಸೆಕೆಂಡಿಗೆ ಹತ್ತರಂತೆ. ಗೋಡೆಯ ಮೇಲೆ ಒಂದೂ ಇಲ್ಲ. ಯಾವ ಹುಲಿ ಒಳ್ಳೆಯದೆಂದು ಅವನು ಇನ್ನೂ ತೀರ್ಮಾನಿಸಿಲ್ಲ, ತೀರ್ಮಾನಿಸುವುದೂ ಇಲ್ಲ. ಇದೇ ಊರಿನಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕಾಡು ಅಲೆದು ತಂದ ಫಿಲ್ಮಿನಿಂದ ಕಪ್ಪು-ಬಿಳುಪು ಪ್ರಿಂಟ್ ತೆಗೆದು ದೇಶವಿದೇಶಗಳ ಛಾಯಾಚಿತ್ರ ಸಲೋನುಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಪೇಪರಿಗೆ ಕಾಸು ಕೊಡಬೇಕಿತ್ತು. ಆದ್ದರಿಂದ ಯಾವ ಚಿತ್ರ ಉಳಿಯಬೇಕು, ಯಾವುದು ಬೇಡ ಎಂದು ಯೋಚಿಸಲೇಬೇಕಿತ್ತು. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ತೆಗೆದ ಒಂದೇ ನೆಗೆಟಿವ್‌ನಿಂದ ದಶಕಗಟ್ಟಲೆ ಪ್ರಿಂಟ್ ತೆಗೆದರು. ವರ್ಷ ಕಳೆದ ಹಾಗೆ ಅವರ ಆಕಾಶ ಕಪ್ಪಾಗುತ್ತ ಹೋಯಿತು. ನೆಗೆಟಿವ್ ಅದೇ, ಮನುಷ್ಯ ಬದಲಾದ. ನನ್ನ ಗೆಳೆಯನ ಆಕಾಶ ಪ್ರಿಸೆಟ್ ಒತ್ತಿದ ಕ್ಷಣ ಕಪ್ಪಾಗುತ್ತದೆ, ಅವನು ಬದಲಾಗಬೇಕಾದ ಅಗತ್ಯವೇ ಬೀಳುವುದಿಲ್ಲ.

ಹಾಗೆಂದು ಆ ಕಾಲ ಬಂಗಾರದ್ದೇನಲ್ಲ. ವೇದಿಕೆಯ ಮೇಲೆ ಯಾರೂ ಹೇಳದ ಸಂಗತಿಗಳಿವೆ. ಡಾರ್ಕ್‌ರೂಮ್ ಎಂದರೆ ಬಹುತೇಕ ಮನೆಗಳಲ್ಲಿ ಬಚ್ಚಲುಮನೆ. ಕಿಟಕಿಗೆ ಕಪ್ಪು ಕಂಬಳಿ ಬಡಿದು, ನೀರಿನ ಹಂಡೆಯ ಪಕ್ಕ ಎನ್ಲಾರ್ಜರ್ ನಿಲ್ಲಿಸಿ, ಬಕೆಟ್ಟಿನ ಮೇಲೆ ಹಲಗೆ, ಹಲಗೆಯ ಮೇಲೆ ಮೂರು ಟ್ರೇ. ಬೇಸಿಗೆಯಲ್ಲಿ ಡೆವಲಪರಿಗೆ ಐಸು, ನಮಗೆ ಬೆವರು. ವೋಲ್ಟೇಜ್ ಇಳಿದರೆ ಬಲ್ಬು ಮಂಕು, ಎಂಟು ಸೆಕೆಂಡಿನ ಎಕ್ಸ್‌ಪೋಷರ್ ಹನ್ನೆರಡಾಗುತ್ತಿತ್ತು. ಆದ್ದರಿಂದ ಊರು ಮಲಗಿ ಕರೆಂಟು ಸ್ಥಿರವಾದ ಮೇಲೆಯೇ ಕಲಾಸೇವೆ. ಮಧ್ಯೆ ಲೋಡ್ ಶೆಡ್ಡಿಂಗ್ ಆದರೆ ನಿಜವಾದ ಡಾರ್ಕ್‌ರೂಮ್. ಹೊರಗೆ ಬಾಗಿಲು ಬಡಿಯುವ ಮನೆಮಂದಿಯ ಹೊಟ್ಟೆಯ ತುರ್ತಿಗೆ ಕಲೆಯ ಬಗ್ಗೆ ಗೌರವ ಇರುತ್ತಿರಲಿಲ್ಲ. ಉಗುರು ಡೆವಲಪರಿನ ಮೆಟಾಲಿಗೆ ಕಂದಾಗಿ, ಬಟ್ಟೆ ಹುಳಿ ಆಸಿಡ್ ನಾರುತ್ತಿತ್ತು. ಇಷ್ಟೆಲ್ಲ ಆಗಿ ಬಂದ ಪ್ರಿಂಟಿನಲ್ಲಿ ಎಷ್ಟೋ ಸಲ ಎತ್ತಿನಗಾಡಿ, ಅದರ ಹಿಂದೆ ಧೂಳು, ಧೂಳಿನಲ್ಲಿ ಸೂರ್ಯಕಿರಣ. ಕೆಟ್ಟ ಚಿತ್ರ ತೆಗೆಯಲು ಡಿಜಿಟಲ್ ಬರಬೇಕಾಗಿರಲಿಲ್ಲ.

ಡಾರ್ಕ್‌ರೂಮನ್ನು ಕೊಂದವರೂ ಹೊರಗಿನವರಲ್ಲ. ಫೋಟೋಶಾಪ್ ಬರೆದ ಥಾಮಸ್ ನೋಲ್ ಅವರ ತಂದೆಗೆ ಅಮೆರಿಕದ ಆ್ಯನ್ ಆರ್ಬರ್‌ನ ಮನೆಯ ನೆಲಮಾಳಿಗೆಯಲ್ಲಿ ಡಾರ್ಕ್‌ರೂಮ್ ಇತ್ತು. ಮಗ ಅಲ್ಲಿ ಕಲಿತು, 1990ರ ಹೊತ್ತಿಗೆ ತಮ್ಮನ ಜೊತೆ ಸೇರಿ ಲೋಕದ ನೆಲಮಾಳಿಗೆಗಳನ್ನೆಲ್ಲ ಖಾಲಿ ಮಾಡಿಸಿದ. ಆ ಸಾಫ್ಟ್‌ವೇರಿನಲ್ಲಿ ಚಿತ್ರದ ಒಂದು ಭಾಗವನ್ನು ತಿಳಿಯಾಗಿಸಲು ಒತ್ತುವ ಗುಂಡಿಯ ಮೇಲೆ ಕಡ್ಡಿಗೆ ಅಂಟಿಸಿದ ಕಪ್ಪು ಬಿಲ್ಲೆಯ ಚಿತ್ರ ಇದೆ, ಗಾಢ ಮಾಡುವ ಗುಂಡಿಯ ಮೇಲೆ ಬೆರಳು ಮಡಚಿದ ಕೈ. ನಾವು ಎನ್ಲಾರ್ಜರಿನ ಬೆಳಕಿಗೆ ಅಡ್ಡ ಹಿಡಿಯುತ್ತಿದ್ದ ಅದೇ ಕಡ್ಡಿ, ಅದೇ ಕೈ. ದಿನಾ ಅದನ್ನು ಒತ್ತುವ ಮಕ್ಕಳನ್ನು ಕೇಳಿದರೆ ಲಾಲಿಪಾಪ್ ಅನ್ನುತ್ತಾರೆ. ಇಟಲಿಯ ಡರ್ಸ್ಟ್ ಕಂಪನಿಯಂತೂ ನನಗಿಂತ ಜಾಣ. ದಶಕಗಟ್ಟಲೆ ಎನ್ಲಾರ್ಜರ್ ಮಾಡಿ ಪ್ರಪಂಚಕ್ಕೆಲ್ಲ ಮಾರಿ, ಸಮಯ ನೋಡಿ ಡಿಜಿಟಲ್ ಇಂಕ್‌ಜೆಟ್ ಯಂತ್ರಗಳಿಗೆ ಹೊರಳಿ, ಈಗಲೂ ಗಟ್ಟಿಯಾಗಿದೆ. ಎನ್ಲಾರ್ಜರಿನ ಮೇಲೆ ಪ್ರೀತಿ ಇಟ್ಟುಕೊಂಡವರು ಅದನ್ನು ಕೊಂಡ ಪೆದ್ದರು ಮಾತ್ರ.

ಮಾರಲಾಗದೆ ಕೂತವರ ಸಾಲಿನಲ್ಲಿ ಭಾರತ ಸರ್ಕಾರವೂ ಇತ್ತೆಂಬುದು ನನಗೆ ಸಮಾಧಾನ. ಊಟಿಯಲ್ಲಿ 1960ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಫಿಲ್ಮು, ಬ್ರೋಮೈಡ್ ಪೇಪರು, ಎಕ್ಸ್‌ರೇ ಹಾಳೆ ತಯಾರಿಸುತ್ತಿತ್ತು. ನಮ್ಮ ಎಷ್ಟೋ ಊರುಗಳ ಸ್ಟುಡಿಯೋಗಳಲ್ಲಿ ಮದುಮಕ್ಕಳ ಮುಖ ಮೂಡಿದ್ದು ಅದರ ಮೇಲೆಯೇ. ಸಾಲ ಏರಿತು, ಆಮದು ಸುಂಕ ಇಳಿಯಿತು, 1990ರ ದಶಕದಲ್ಲಿ ಕಾರ್ಖಾನೆ ರೋಗಗ್ರಸ್ತ ಉದ್ಯಮಗಳ ಪಟ್ಟಿ ಸೇರಿತು. ಕೊನೆಗೆ ನೌಕರರಿಗೆ ಸ್ವಯಂ ನಿವೃತ್ತಿ ಕೊಟ್ಟು ಕೈ ತೊಳೆದುಕೊಂಡದ್ದಾಯಿತು. ಒಂದು ಕಾರ್ಖಾನೆಯನ್ನೇ ಏನು ಮಾಡುವುದೆಂದು ತಿಳಿಯದೆ ದೆಹಲಿ ವರ್ಷಗಟ್ಟಲೆ ತಲೆ ಕೆರೆದುಕೊಂಡಿರುವಾಗ, ಒಂದು ಮೆಯೋಪ್ಟಾಕ್ಕೆ ನಾನು ಯಾಕೆ ಅವಸರ ಮಾಡಬೇಕು?

ದಾನ ಕೊಡಿ ಎಂದರು ಹಿತೈಷಿಗಳು. ಪತ್ರಿಕೋದ್ಯಮ ಕಲಿಸುವ ಒಂದು ಕಾಲೇಜಿಗೆ ಹೋದೆ. ಮೇಡಂ ಬಹಳ ಸಂತೋಷಪಟ್ಟರು. ಒಂದು ಪತ್ರ ಕೊಡಿ, ಕಮಿಟಿ ಮುಂದೆ ಇಡುತ್ತೇವೆ ಎಂದರು. ಸ್ಟಾಕ್ ರಿಜಿಸ್ಟರಿಗೆ ಏರಿಸಲು ವಸ್ತುವಿನ ಮೌಲ್ಯ ನಮೂದಿಸಬೇಕು. ಮೌಲ್ಯ ಸೊನ್ನೆ ಎಂದರೆ ಕಾಲೇಜಿಗೆ ಯಾಕೆ ಬೇಕೆಂದು ಆಡಿಟ್ ಕೇಳುತ್ತದೆ. ಸೊನ್ನೆಯಲ್ಲ ಎಂದರೆ ಬಿಲ್ ಎಲ್ಲಿ ಎಂದು ಕೇಳುತ್ತದೆ. ಬಿಲ್ ಕೊಟ್ಟ ಅಂಗಡಿಯ ಜಾಗದಲ್ಲಿ ಈಗ ಚಪ್ಪಲಿ ಷೋರೂಮ್ ಇದೆ. ಅವರ ಡಾರ್ಕ್‌ರೂಮನ್ನು ತೋರಿಸಿ ಎಂದು ಕೇಳಿದೆ. ಬಾಗಿಲ ಮೇಲೆ ಬೋರ್ಡು ಹಾಗೇ ಇತ್ತು, ಒಳಗೆ ಹಳೇ ಉತ್ತರಪತ್ರಿಕೆಗಳ ಕಟ್ಟು ಮತ್ತು ಕಾಲು ಮುರಿದ ಕುರ್ಚಿಗಳು. ‘ಆದರೆ ಸಿಲಬಸ್‌ನಲ್ಲಿದೆ ಸಾರ್’ ಎಂದರು ಮೇಡಂ, ಧೈರ್ಯ ತುಂಬುವ ದನಿಯಲ್ಲಿ. ಡಾರ್ಕ್‌ರೂಮ್ ಪ್ರಕ್ರಿಯೆ ವಿವರಿಸಿ ಎಂದು ಪ್ರಶ್ನೆ ಬರುತ್ತದಂತೆ, ಹುಡುಗರು ಗೈಡ್ ಓದಿ ಪೂರ್ತಿ ಅಂಕ ತೆಗೆಯುತ್ತಾರಂತೆ. ಎನ್ಲಾರ್ಜರ್ ಕೊಟ್ಟಿದ್ದರೆ ಅವರ ಅಂಕ ಕಡಿಮೆಯಾಗುತ್ತಿತ್ತು.

ಇಷ್ಟು ಜನರಲ್ಲಿ ನಯಾಪೈಸೆಯ ನಾಟಕ ಮಾಡದವರು ಗುಜರಿಯವರು. ಎತ್ತಿ ನೋಡಿದರು, ತಟ್ಟಿ ನೋಡಿದರು. ‘ಒಳಗೆ ಅಲ್ಯೂಮಿನಿ ಐತೆ, ಕಂಬ ಕಬ್ಬಿಣ, ಹಲಗೆಗೇನೂ ಬರಾಕಿಲ್ಲ ಸಾ.’ ಅಲ್ಲೇ ಬೆಲೆ ಹೇಳಿದರು, ಜೇಬಿಗೆ ಕೈ ಹಾಕಿದರು. ಹೊರಡುವಾಗ ತಿರುಗಿ, ‘ಹೈಪೊ ನೀರು ಇಲ್ವಾ ಸಾ?’ ಎಂದರು. ನನಗೆ ಥಟ್ಟನೆ ನೆನಪಾಯಿತು. ಫಿಲ್ಮು, ಪೇಪರಿನ ಮೇಲೆ ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿಕೊಳ್ಳುವುದೇ ಹೈಪೊದ ಕೆಲಸ. ಹಾಗೆ ಬೆಳ್ಳಿ ಕುಡಿದು ಹಳತಾದ ಹೈಪೊವನ್ನು ಸ್ಟುಡಿಯೋಗಳಿಂದ, ಎಕ್ಸ್‌ರೇ ಕೋಣೆಗಳಿಂದ ಕ್ಯಾನುಗಟ್ಟಲೆ ಕೊಂಡು ಬೆಳ್ಳಿ ತೆಗೆಯುವವರು ಇದ್ದರು. ಅಂದರೆ ನನ್ನ ಇಡೀ ಡಾರ್ಕ್‌ರೂಮಿನಲ್ಲಿ ಮಾರುಕಟ್ಟೆ ಎಂದೂ ಕೈಬಿಡದ ಪದಾರ್ಥ ಒಂದೇ, ನಾನು ಬಚ್ಚಲಿಗೆ ಚೆಲ್ಲಿದ ಕೊಳಕು ನೀರು.

ಮನೆಯಾಕೆ ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದಳು. ಎಷ್ಟೋ ರಾತ್ರಿ ಬಚ್ಚಲುಮನೆಯ ಬಾಗಿಲಾಚೆ ನಿಂತು ಸೆಕೆಂಡು ಎಣಿಸಿ ಹೇಳಿದವಳು. ‘ಮಾರಿ, ಬೇಡ ಅನ್ನಲ್ಲ’ ಎಂದಳು. ‘ಟ್ರಂಕಿನ ತುಂಬ ನೆಗೆಟಿವ್ ಇದಾವಲ್ಲ, ಅವನ್ನೇನ್ ಮಾಡ್ತೀರಿ?’

‘ಸ್ಕ್ಯಾನ್ ಮಾಡಿಸಿ ಇಡೋಣ.’

‘ಎಲ್ಲಿ? ಹೋದ ವರ್ಷ ಸತ್ತ ಹಾರ್ಡ್ ಡಿಸ್ಕಿನ ಪಕ್ಕದಲ್ಲಾ?’

ಆದ್ದರಿಂದ ಎನ್ಲಾರ್ಜರ್ ಇನ್ನೂ ಇದೆ, ಮಾರಾಟಕ್ಕೂ ಇದೆ, ಷರತ್ತು ಮಾತ್ರ ಬದಲಾಗಿದೆ. ಅಲಂಕಾರಕ್ಕೆ ಬೇಕೆಂದರೆ ಐವತ್ತು ಸಾವಿರ, ಚೌಕಾಸಿ ಬೇಡ. ಲೆನ್ಸ್ ಬಿಚ್ಚಿ ಕೊಡುವುದಿಲ್ಲ, ಕಂಬ ಕಿತ್ತು ಕೊಡುವುದಿಲ್ಲ. ಪ್ರಿಂಟ್ ಮಾಡುವವರಾದರೆ ಪುಕ್ಕಟೆ. ಟ್ರೇ, ಟೈಮರು, ಚಿಮಟ ಎಲ್ಲ ಸೇರಿ, ಆಟೋ ಬಾಡಿಗೆ ಮಾತ್ರ ನಿಮ್ಮದು. ಹೊರಲು ಇಬ್ಬರು ಬನ್ನಿ, ಭಾರವಿದೆ. ಬರುವಾಗ ನೀವೇ ತೆಗೆದ ಒಂದು ನೆಗೆಟಿವ್ ತನ್ನಿ. ಇಲ್ಲೇ ಬಚ್ಚಲುಮನೆಯಲ್ಲಿ ಒಂದು ಪ್ರಿಂಟ್ ತೆಗೆದು, ಯಂತ್ರ ಸರಿಯಿದೆಯೆಂದು ನೋಡಿಕೊಂಡು ಹೋಗಬಹುದು. ನೆಗೆಟಿವ್ ಇಲ್ಲದವರು ದಯವಿಟ್ಟು ಫೋನ್ ಮಾಡಬೇಡಿ.